ಹುಚ್ಚವ್ವ ಮನೆ ನೋಡಿ ಬಂದದ್ದು

ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುವುದು ನಮ್ಮ ಕಡೆಯ ಪದ್ಧತಿ. ಕೋಟುಮಚಗಿಯಲ್ಲಿ ಯಾರ ಮನೆಯ ಹುಡುಗಿಗೆ ಗಂಡು ಗೊತ್ತಾಗಲಿ, ಮನೆ ನೋಡಲು ಹೊರಟವರ ಜೊತೆ ಹುಚ್ಚವ್ವ ಇರಲೇಬೇಕು. ಮೊಸರಿನಲ್ಲಿ ಕಲ್ಲು ಹುಡುಕುವ ಹೆಂಗಸು ಎಂದು ಗಂಡಿನ ಕಡೆಯವರು ಅವಳಿಗೆ ಹೆದರುತ್ತಿದ್ದರು. ಹೆಣ್ಣಿನ ಕಡೆಯವರು ಅವಳನ್ನು ಕರೆದೊಯ್ಯುತ್ತಿದ್ದದ್ದೂ ಅದಕ್ಕೇ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಮ್ಮ ಉಳವಪ್ಪನ ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಹೆಂಗಸು ಅವಳು.

ಎಪ್ಪತ್ತರ ದಶಕದ ಕಾಲ. ಯಾವ ಊರು ಮುಂದೆ ಬಂದಿದೆ ಎಂದು ಕೇಳಿದರೆ ಜನ ಬೆರಳು ಮಡಚುತ್ತಿದ್ದರು: ಅಲ್ಲಿ ಎಷ್ಟು ಪಂಪ್‌ಸೆಟ್ಟು, ಎಷ್ಟು ರೇಡಿಯೊ, ಎಷ್ಟು ಹಂಚಿನ ಮನೆ. ಸರ್ಕಾರದವರು ಬಂದರೂ ಅದನ್ನೇ ಕೇಳಿ ಬರೆದುಕೊಂಡು ಹೋಗುತ್ತಿದ್ದರು. ಊರಿಗೆ ಹಿಡಿಯುವ ಆ ಅಳತೆಯನ್ನೇ ಹುಚ್ಚವ್ವ ಮನೆಗೂ ಹಿಡಿಯುತ್ತಿದ್ದಳು. ಎಲ್ಲರ ಅಳತೆಯೂ ಅದೇ ಆಗಿದ್ದರಿಂದ ಅವಳಿಗೆ ಅನುಮಾನ ಬರಲಿಲ್ಲ.

ಹಿರಿಯಳು ಸಾವಿತ್ರೆವ್ವನನ್ನು ಮುಂಡರಗಿ ಕಡೆಯ ಒಂದು ಊರಿಗೆ ಕೊಟ್ಟದ್ದು ಈ ಅಳತೆಯಿಂದಲೇ. ಬಾವಿಗೆ ಪಂಪ್‌ಸೆಟ್ಟು, ಪಡಸಾಲೆಯಲ್ಲಿ ರೇಡಿಯೊ, ನೆಲದೊಳಗಿನ ಹಗೇವಿನ ತುಂಬ ಜೋಳ. ಆ ಮನೆಯಲ್ಲಿ ಹುಡುಗಿಯನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಹೊಟ್ಟೆಗೆ, ಬಟ್ಟೆಗೆ ಏನೂ ಕಡಿಮೆಯಿರಲಿಲ್ಲ. ಆದರೆ ಅದು ಯಾರಿಂದಲೂ ಏನೂ ಇಸಿದುಕೊಳ್ಳದ, ಯಾರಿಗೂ ಏನೂ ಕೊಡದ ಮನೆ. ತಲೆಬಾಗಿಲಿಗೆ ಹಗಲು ಹೊತ್ತಿನಲ್ಲೂ ಅಗಳಿ. ಸಾವಿತ್ರೆವ್ವನ ಬಸಿರು ಇಳಿದುಹೋದ ದಿನ ಗಂಡ, ಮಾವ ಹೊಲದಲ್ಲಿದ್ದರು, ಅತ್ತೆ ಪರಸ್ಥಳಕ್ಕೆ ಹೋಗಿದ್ದಳು. ಹೊತ್ತು ಮುಳುಗುವ ತನಕ ಹುಡುಗಿ ಒಳಗಿನ ಕೋಣೆಯಲ್ಲಿ ಒಬ್ಬಳೇ ಬಿದ್ದಿದ್ದಳು. ಗೋಡೆಯಾಚೆ ಮನೆಯಿತ್ತು, ಮನೆಯಲ್ಲಿ ಜನರಿದ್ದರು. ಯಾರೂ ಬರಲಿಲ್ಲ.

ಆಮೇಲೆ ಅವಳು ತವರಿಗೆ ಬಂದಾಗಲೆಲ್ಲ ಕೂತಲ್ಲೇ ಕೂತಿರುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ ಹುಚ್ಚವ್ವ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು: ಎಲ್ಲವನ್ನೂ ನೋಡಿಯೇ ಕೊಟ್ಟಿದ್ದೆನಲ್ಲ, ನೋಡದೆ ಬಿಟ್ಟದ್ದು ಯಾವುದು? ಎಷ್ಟು ತಲೆ ಕೆಡಿಸಿಕೊಂಡರೂ ಗೊತ್ತಾಗಲಿಲ್ಲ. ಅದು ಗೊತ್ತಾಗುವ ಮೊದಲೇ ಕಿರಿಯಳು ಶೇಖವ್ವನ ಮದುವೆಯ ಮಾತು ಬಂತು. ಈ ಹುಡುಗಿಯ ವಿಷಯದಲ್ಲೂ ತಪ್ಪಿದರೆ ತಾನು ಬದುಕಿದ್ದೂ ಸುಳ್ಳು ಎಂದುಕೊಂಡು ಅವಳು ಉಳವಪ್ಪನ ಜೊತೆ ಬಸ್ಸು ಹತ್ತಿದಳು.

ಗಂಡು ಶಿರಹಟ್ಟಿ ತಾಲೂಕಿನ ಮಾಗಡಿಯವನು, ಹೆಸರು ಫಕ್ಕೀರಪ್ಪ. ಅವನ ಅಪ್ಪ ಮುದಕಪ್ಪ ಕೈಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸಿದ. ತಿನ್ನಲು ಚುನಮರಿ ಬಂತು, ಚಹಾ ಬಂತು. ಮನೆ ಮಣ್ಣಿನ ಮಾಳಿಗೆಯ ಸಣ್ಣ ಮನೆ. ಆದರೆ ಗೋದಲಿಯ ಮುಂದೆ ಕಟ್ಟಿದ ಬಿಳಿ ಜೋಡಿ ಎತ್ತು. ಪಡಸಾಲೆಯಲ್ಲಿ ಒಂದರ ಮೇಲೊಂದು ಜೋಳದ ಚೀಲ. ಒಳಗೆ ಸಾಲಾಗಿ ಹಿತ್ತಾಳೆ ಕೊಡ. ಬಾಗಿಲಲ್ಲಿ ಹಿಡಿಯುವುದೇ ಕಷ್ಟವೆನ್ನುವಷ್ಟು ಅಗಲದ ಒಂದು ಮಂಚ. ಆ ಮನೆಗೆ ಆ ಸಾಮಾನು ಸಣ್ಣ ಹುಡುಗನಿಗೆ ಅಪ್ಪನ ಅಂಗಿ ತೊಡಿಸಿದಂತೆ ಕಂಡಿತು ಹುಚ್ಚವ್ವನಿಗೆ. ಉಳವಪ್ಪನಿಗೆ ಮಾತ್ರ ಎತ್ತಿನ ಮೇಲಿನ ಕಣ್ಣು ಕೀಳಲಾಗಲಿಲ್ಲ.

"ಎತ್ತು ಭಾರಿ ಅದಾವ್ರಿ ಮುದಕಪ್ಪನವರ. ಮನ್ಯಾಗ ಹುಟ್ಟಿದ್ವೇನು?"

"ಹೂಂ... ಹಂಗ ಅನ್ರಿ," ಎಂದು ಮುದಕಪ್ಪ ಚಹಾದ ಬಟ್ಟಲೊಳಗೆ ಮುಖ ಇಟ್ಟ. ಪಕ್ಕದ ಮನೆಯ ಗಿಡ್ಡ ಗೋಡೆಯ ಮೇಲಿಂದ ಒಬ್ಬ ಹೆಂಗಸು ಇಣುಕಿ ನೋಡಿ ಮರೆಯಾದಳು.

ಇಳಿಹೊತ್ತಿಗೆ ಮುದಕಪ್ಪ ಎತ್ತುಗಳನ್ನು ಕೆರೆಗೆ ನೀರಿಗೆ ಹೊಡೆದುಕೊಂಡು ಹೋದ. ಚಳಿಗಾಲವಾದ್ದರಿಂದ ಕೆರೆಯ ತುಂಬ ಹಕ್ಕಿ ಇಳಿದಿದ್ದವು, ಅವುಗಳ ಗದ್ದಲ ಓಣಿಯ ತನಕ ಕೇಳುತ್ತಿತ್ತು. ಕೆಲಸ ಕೆಟ್ಟದ್ದು ಎತ್ತು ತಿರುಗಿ ಬರುವಾಗ. ನೀರು ಕುಡಿದ ಜೋಡಿ ಮುದಕಪ್ಪನ ಮನೆಯ ಮುಂದೆ ನಿಲ್ಲಲೇ ಇಲ್ಲ. ಅವನು ಹಗ್ಗ ಜಗ್ಗಿದ, ಬಾಯಿಂದ ಚಕ್‌ಚಕ್ ಅಂದ. ಅವು ನೆಟ್ಟಗೆ ಪಕ್ಕದ ಮನೆಯ ಅಂಗಳಕ್ಕೆ ಹೋಗಿ, ಅಲ್ಲಿಯ ಗೂಟದ ಹತ್ತಿರ ನಿಂತು ಬಾಲ ಬೀಸಿದವು. ಕಟ್ಟೆಯ ಮೇಲೆ ಕೂತಿದ್ದ ಆ ಮನೆಯ ಯಜಮಾನ ಬುಡ್ಡೇಸಾಬ ಗಾಬರಿಯಾಗಿ ಎದ್ದು, ತನ್ನ ಎತ್ತುಗಳನ್ನು ತಾನೇ ಹೊರಗೆ ದಬ್ಬಲು ಹತ್ತಿದ.

"ನಡೀರಲೇ, ನಡೀರಿ. ಇದು ನಿಮ್ಮ ಮನಿ ಅಲ್ಲ," ಎಂದ.

ಎತ್ತಿಗೆ ಸುಳ್ಳು ಹೇಳಿ ರೂಢಿಯಿಲ್ಲ, ಅವು ಕದಲಲಿಲ್ಲ. ಉಳವಪ್ಪನ ಮುಖ ಕೆಂಪಾಯಿತು.

"ಎರವಲು ಎತ್ತು ಕಟ್ಟಿ ನನ್ನ ಮಗಳನ್ನ ಕೇಳ್ತೀರೇನ್ರಿ?"

ಹುಡುಗ ಫಕ್ಕೀರಪ್ಪ ಮುಂದೆ ಬಂದ. "ಎತ್ತು ಬುಡ್ಡೇಸಾಬ ಕಾಕಾನವುರಿ. ಚೀಲ, ಕೊಡ ಓಣ್ಯಾಗಿನವರವು. ಮಂಚನೂ ನಮ್ಮದಲ್ಲ. ಇದು ಬ್ಯಾಡ ಅಂತ ನಾ ಅಪ್ಪಗ ಹೇಳಿದ್ದೆ. ಆದ್ರ ಎಲ್ಲಾ ಹೊತ್ತು ತಂದಾವನೂ ನಾನ ಅದೀನ್ರಿ."

"ನಡಿ ಅಕ್ಕಾ," ಎಂದ ಉಳವಪ್ಪ. "ಬಸ್ಸಿನ ಹೊತ್ತಾತು."

ಅಕ್ಕ-ತಮ್ಮಂದಿರು ಸಾಮಾನ್ಯವಾಗಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂಥವರು. ಅವತ್ತು ಮಾತ್ರ ಹುಚ್ಚವ್ವನಿಗೂ ಸಿಟ್ಟು ಬಂದಿತ್ತು. ಸೆರಗು ಹೊದ್ದು ಅಂಗಳಕ್ಕಿಳಿದಳು. ಆಗ ಪಕ್ಕದ ಮನೆಯಿಂದ, ಗೋಡೆಯ ಮೇಲೆ ಇಣುಕಿದ್ದ ಹೆಂಗಸು ಹಿಟ್ಟಿನ ಕೈಯಲ್ಲೇ ಓಡಿ ಬಂದು ದಾರಿಗೆ ಅಡ್ಡ ನಿಂತಳು. ಬುಡ್ಡೇಸಾಬನ ಹೆಂಡತಿ ಖೈರುನಬಿ.

"ಅಕ್ಕಾರ, ತಪ್ಪು ನಂದರೀ. ಮುದಕಪ್ಪಣ್ಣ ಕೇಳಿದ್ದು ಒಂದು ಮಂಚ ಅಷ್ಟ. ಎತ್ತು ಕಟ್ಕೋರಿ, ಛಲೋ ಕಾಣತೈತಿ ಅಂತ ನಾನ ಅಂದೆ. ನನ್ನ ಸಲುವಾಗಿ ಆ ಹುಡುಗನ ಕೂಳಿಗೆ ಕಲ್ಲು ಬಿತ್ತು." ಹಾಗೆನ್ನುತ್ತ ಅತ್ತೇಬಿಟ್ಟಳು.

ಹುಚ್ಚವ್ವ ನಿಂತಳು. ಸಂಬಂಧ ಮುರಿದದ್ದು ಮುದಕಪ್ಪನದು, ಅಳುತ್ತಿರುವುದು ಪಕ್ಕದ ಮನೆಯವಳು. ಇಂಥದನ್ನು ಅವಳು ಯಾವ ಮನೆ ನೋಡಲು ಹೋದಾಗಲೂ ಕಂಡಿರಲಿಲ್ಲ.

"ನಿನಗ್ಯಾಕ ತಂಗಿ ಇಷ್ಟು ಸಂಕಟ?"

"ಫಕ್ಕೀರ ನಮ್ಮ ಅಂಗಳದಾಗ ಆಡಿ ಬೆಳದಾನ್ರಿ. ಅವರವ್ವ ಹೋದ ಮ್ಯಾಲೆ ಆ ಮನ್ಯಾಗ ಹೆಣ್ಣುಮಕ್ಕಳ ದನಿ ಇಲ್ಲ. ಸೊಸಿ ಬರತಾಳ, ಗ್ವಾಡಿ ಆಚಿ ಮಾತಿಗೊಂದು ಜೀವ ಆಕ್ಕೈತಿ ಅಂತ ಹಾದಿ ನೋಡಾಕತ್ತಿದ್ದೆ."

ಮನೆ ನೋಡಲು ಹೋದವರು ಯಾರೂ ಕೇಳದ ಒಂದು ಮಾತು ಹುಚ್ಚವ್ವನ ಬಾಯಿಂದ ಬಂತು.

"ಹಂಗಾರ ಒಂದು ಮಾತು ಹೇಳು. ನಮ್ಮ ಹುಡುಗಿ ಒಳಗ ಒಬ್ಬಾಕಿನ ಬ್ಯಾನ್ಯಾಗ ಬಿದ್ದು ಕೂಗಿದ್ರ ನಿನಗ ಕೇಳತೈತೇನು?"

ಖೈರುನಬಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಕೂಗೂದ್ಯಾಕ್ರಿ? ಮುಂಜಾನೆ ಅವರ ಮನಿ ಒಲ್ಯಾಗ ಹೊಗಿ ಏಳಲಿಲ್ಲಂದ್ರ ನಾನ ಹೋಗಿ ನೋಡ್ತೀನಲ್ರಿ."

ಹುಚ್ಚವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಉಳವಪ್ಪ ಬಸ್ಸು, ಬಸ್ಸು ಎಂದ. "ಬಸ್ಸು ಹೋದ್ರ ಹೋಗಲಿ," ಎಂದಳು. ಮೂಗು ಒರೆಸಿಕೊಂಡು ಎದ್ದು ಮುದಕಪ್ಪನ ಕಡೆ ತಿರುಗಿದಳು.

"ನಿಮ್ಮ ಬಡತನಕ್ಕ ನಾ ಏನೂ ಅನ್ನೂದಿಲ್ಲ, ಸುಳ್ಳಿಗೆ ಅಂತೀನಿ. ನಾಚಿಕಿ ಆಗಬೇಕು ನಿಮಗ. ಯಾರ್ಯಾರದು ಏನೇನು ಐತಿ, ಎಲ್ಲಾ ಅವರವರ ಮನಿಗೆ ಮುಟ್ಟಸ್ರಿ. ಆಮ್ಯಾಲೆ ಉಳಿದ ಮನಿ ನೋಡ್ತೀನಿ."

ಓಣಿಯ ಜನ ಬಂದರು. ಒಬ್ಬರು ಕೊಡ ಹೊತ್ತರು, ಇಬ್ಬರು ಮಂಚ ಎತ್ತಿದರು. ಮೊದಲು ಎಲ್ಲರೂ ತಲೆ ತಗ್ಗಿಸಿಕೊಂಡೇ ಹೊರುತ್ತಿದ್ದರು. ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಾಗ ಯಾರೋ ನಕ್ಕರು, ಆಮೇಲೆ ಮುದಕಪ್ಪನೂ ನಕ್ಕ. ಕೊನೆಗೆ ಉಳಿದದ್ದು ಒಂದು ಕಂಬಳಿ, ನಾಲ್ಕು ಗಡಿಗೆ, ಒಂದು ಮೂಲೆಯಲ್ಲಿ ಅರ್ಧ ಚೀಲ ಜೋಳ. ಹುಚ್ಚವ್ವ ಒಳಗೆಲ್ಲ ತಿರುಗಾಡಿದಳು.

"ಈ ಮನಿಗೆ ಕೊಡೂನು ಉಳವಪ್ಪ," ಎಂದಳು. "ದುಡ್ಯಾವ ಹುಡುಗ, ಎತ್ತು ನಾಳೆ ಬಂದಾವು. ಕೇಳೂದಕ್ಕಿಂತ ಮೊದಲ ಎತ್ತು ಬಿಚ್ಚಿ ಕೊಡಾವ್ರು ರೊಕ್ಕಕ್ಕ ಸಿಗೂದಿಲ್ಲ."

ಉಳವಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಒಪ್ಪಿದ.

ಊರಿಗೆ ಬಂದು ಇದನ್ನೆಲ್ಲ ಹೇಳುವಾಗ ಸಾವಿತ್ರೆವ್ವ ತವರಿನಲ್ಲಿದ್ದಳು. ಎತ್ತಿನ ಕಥೆಗೆ ಶೇಖವ್ವ ಬಿದ್ದು ಬಿದ್ದು ನಕ್ಕಳು. ಸಾವಿತ್ರೆವ್ವ ನಗಲಿಲ್ಲ. ಮೆಲ್ಲಗೆ ಕೇಳಿದಳು.

"ಅತ್ತಿ, ನನ್ನ ಮನಿ ನೋಡಾಕ ಹೋದಾಗ ಬಾಜೂ ಮನಿ ನೋಡಿದ್ದೇನು?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹುಚ್ಚವ್ವ ತಡೆದುಕೊಳ್ಳುತ್ತಿದ್ದಳು. "ಇಲ್ಲವಾ," ಎಂದಳು. ಬೇರೆ ಏನು ಹೇಳಿದರೂ ಅದು ಸುಳ್ಳಾಗುತ್ತಿತ್ತು.

ಕೊಟ್ಟ ಹೆಣ್ಣನ್ನು ತಿರುಗಿ ತರಲು ಬರುವುದಿಲ್ಲ. ತರುವಂಥ ಕೆಟ್ಟ ಮಂದಿಯೂ ಅವರಲ್ಲ. ಶೇಖವ್ವನ ಮದುವೆ ಮುಗಿದ ಮೇಲೆ ಹುಚ್ಚವ್ವ ಹಿರಿಯಳನ್ನು ಕಳಿಸುವ ನೆವದಲ್ಲಿ ತಾನೂ ಆ ದೊಡ್ಡ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಬೀಗಿತ್ತಿ ಪೂಜೆಗೆ ಕೂತದ್ದನ್ನು ನೋಡಿ, ಸಾವಿತ್ರೆವ್ವನ ಕೈಗೆ ಖಾಲಿ ಬಟ್ಟಲು ಕೊಟ್ಟು, ಅಗಳಿ ತೆಗೆದು, ಕೈ ಹಿಡಿದು ಪಕ್ಕದ ಮನೆಗೆ ಕರೆದುಕೊಂಡು ಹೋದಳು.

ಅಲ್ಲಿ ಹನಮಂತವ್ವ ಎಂಬ ಹೆಂಗಸು ಅಂಗಳ ಸಾರಿಸುತ್ತಿದ್ದಳು. ದೊಡ್ಡ ಮನೆಯವರು ಬಂದದ್ದನ್ನು ಕಂಡು ಸಗಣಿ ಕೈಯಲ್ಲೇ ಎದ್ದು ನಿಂತಳು.

"ಒಂದೀಟು ಹೆಪ್ಪು ಕೊಡ್ತೀಯೇನವಾ? ನಮ್ಮದು ಕೆಟ್ಟೈತಿ," ಎಂದಳು ಹುಚ್ಚವ್ವ. ಮನೆಯಲ್ಲಿ ನೆಲುವಿನ ತುಂಬ ಮೊಸರಿತ್ತು. ಮುದಕಪ್ಪನಿಗೆ ಸುಳ್ಳಿನ ಬಗ್ಗೆ ಉಪದೇಶ ಮಾಡಿ ಬಂದ ಬಾಯಿ ಅದೇ.

ಹನಮಂತವ್ವ ಕೈ ತೊಳೆದುಕೊಂಡು ಒಳಗೆ ಹೋಗಿ ಬಟ್ಟಲಿನ ತುಂಬ ಮೊಸರೇ ತಂದಳು. ಕೊಟ್ಟ ಮೇಲೂ ಬಟ್ಟಲಿನ ಅಂಚು ಬಿಡಲಿಲ್ಲ. ಸಾವಿತ್ರೆವ್ವನ ಮುಖ ನೋಡುತ್ತ ನಿಂತಳು.

"ಆವತ್ತು ನಿನ್ನ ದನಿ ಕೇಳಿತ್ತವಾ," ಎಂದಳು. "ನಿಮ್ಮ ಬಾಗಿಲ ತನಕ ಬಂದಿದ್ದೆ. ದೊಡ್ಡವರ ಮನಿ, ಕರೀಲಾರದ ಹೆಂಗ ಒಳಗ ಹೋಗೂದಂತ ನಿಂತು ನಿಂತು ತಿರುಗಿ ಬಂದೆ. ಹೆಸರು ಹಿಡದು ಕೂಗೂನಂದ್ರ ನಿನ್ನ ಹೆಸರೂ ಗೊತ್ತಿರಲಿಲ್ಲ. ಏನವಾ ನಿನ್ನ ಹೆಸರು?"

ಸಾವಿತ್ರೆವ್ವನಿಗೆ ಕಣ್ಣು ತುಂಬಿ ಬಂತು. ಆ ಊರಿಗೆ ಬಂದ ಮೇಲೆ ಯಾರೂ ಅವಳ ಹೆಸರು ಕೇಳಿರಲಿಲ್ಲ.

"ಸಾವಿತ್ರೆವ್ವ," ಎಂದಳು.

"ಕುಂಡ್ರು ಸಾವಿತ್ರೆವ್ವ," ಎಂದು ಹನಮಂತವ್ವ ಕಟ್ಟೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಸಾವಿತ್ರೆವ್ವ ಕೂತಳು. ಹುಚ್ಚವ್ವ ಮೊಸರಿನ ಬಟ್ಟಲು ತೆಗೆದುಕೊಂಡು ಒಬ್ಬಳೇ ಮನೆಗೆ ಬಂದಳು, ಬಾಗಿಲಿಗೆ ಅಗಳಿ ಹಾಕಲಿಲ್ಲ.