ಮೊದಲ ಕರೆಗೆ ಬಂದ ಉತ್ತರ

ಆ ಸಂಜೆ ಮುಚ್ಚಿದ ಕೋಣೆಯೊಳಗಿನಿಂದ ಉತ್ತರ ಕೊಟ್ಟದ್ದು ನನ್ನ ಗಂಡ ಅಲ್ಲ. ಯಾರು ಬೇಕಾದರೂ ಬಂದು ವಾದ ಮಾಡಲಿ, ನಾನು ಹೇಳುವುದು ಇಷ್ಟೇ. ಹಾಗಾದರೆ ಯಾರು ಎಂದು ಕೇಳಬೇಡಿ. ಗೊತ್ತಿದ್ದರೆ ಇದನ್ನು ಬರೆಯುವ ಕೆಲಸವೇ ಇರಲಿಲ್ಲ.

ನಾನು ಹೆಚ್ಚು ಶಾಲೆ ಕಲಿತವಳಲ್ಲ. ಆದರೂ ಇಂಥ ಕಥೆಗಳನ್ನು ನಂಬಿದವಳೂ ಅಲ್ಲ. ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ. ಸತ್ತವರು ಕುಲೆಯಾಗಿ ತಿರುಗುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ ಎನ್ನುವವರನ್ನು ಕಂಡರೆ, ಇವರಿಗೆ ಮನೆಯಲ್ಲಿ ಕೆಲಸ ಇಲ್ಲವೇ ಎಂದು ಅನಿಸುತ್ತಿತ್ತು.

ನನ್ನ ಗಂಡ ಮಾತ್ರ ನಂಬುವವರು. ಕುಲೆ ಎರಡು ಸಲ ಮಾತ್ರ ಕರೆಯುತ್ತದೆ, ಮೂರನೆಯ ಸಲ ಕರೆದರೆ ಮನುಷ್ಯರೇ ಎಂದು ಅವರ ತಾಯಿ ಹೇಳಿಕೊಟ್ಟಿದ್ದರು. ಮುಸ್ಸಂಜೆ ಹೊತ್ತಿನಲ್ಲಿ ಯಾರು ಕರೆದರೂ ಮೂರನೆಯ ಕರೆಯವರೆಗೆ ಇವರು ಬಾಯಿ ಬಿಡುತ್ತಿರಲಿಲ್ಲ.

"ಕುಲೆಗೆ ಮೂರರವರೆಗೆ ಎಣಿಸ್ಲಿಕ್ಕೆ ಬರುದಿಲ್ವಾ? ನನ್ನಷ್ಟೂ ಶಾಲೆ ಕಲಿಲಿಲ್ವಾ ಅದು?" ಎಂದು ನಾನು ತಮಾಷೆ ಮಾಡುತ್ತಿದ್ದೆ.

"ನೀನು ಸುಮ್ಮನಿರು ಮಾರಾಯ್ತಿ" ಎನ್ನುತ್ತಿದ್ದರು.

ಕೊರೊನಾ ಇವರಿಗೂ ಹಿಡಿಯಿತು. ವಾಮಂಜೂರಿನ ನಮ್ಮ ಮನೆಯ ಗೇಟಿಗೆ ಚೀಟಿ ಅಂಟಿಸಿದರು. ರಾಜ್ಯ ಸರಕಾರ ಹೊಸ ಕಾನೂನು ಮಾಡಿದೆಯಂತೆ, ಹೊರಗೆ ಕಾಲಿಟ್ಟರೆ ಪೊಲೀಸ್ ಕೇಸು. ಇವರು ಎದುರಿನ ಕೋಣೆಯಲ್ಲಿ ಒಬ್ಬರೇ. ಊಟದ ಬಟ್ಟಲನ್ನು ಬಾಗಿಲ ಬುಡದಲ್ಲಿಟ್ಟು ನಾನು ಹಿಂದೆ ಸರಿಯಬೇಕು.

ಆಶಾ ಕಾರ್ಯಕರ್ತೆ ಶಶಿಕಲಾ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಗೇಟಿನ ಆಚೆ ನಿಂತು ಹೆಸರು ಕರೆಯುತ್ತಿದ್ದಳು. ರೋಗಿಯೇ ಉತ್ತರ ಕೊಡಬೇಕು. ಉತ್ತರ ಬಂದರೆ ಅವಳು ಮುಂದಿನ ಮನೆಗೆ, ಬಾರದಿದ್ದರೆ ಆಂಬುಲೆನ್ಸಿಗೆ ಫೋನು. ಒಳಗೆ ಬಂದು ನೋಡಬಾರದಾ ಎಂದು ಕೇಳಿದ್ದಕ್ಕೆ, "ಕಾನೂನು ಅಜ್ಜಿ, ನಾನು ಬಂದ್ರೆ ನನ್ನ ಮೇಲೂ ಕೇಸು" ಎಂದಿದ್ದಳು.

ಇವರದ್ದು ಅಲ್ಲಿಯೂ ಅದೇ ಹಠ. ಸಂಜೆ ಅವಳು "ಸಂಜೀವಜ್ಜ, ಉಲ್ಲರಾ?" ಎಂದು ಮೂರು ಸಲ ಕೂಗಿದ ಮೇಲೆಯೇ "ಉಲ್ಲೆ", ಇದ್ದೇನೆ, ಎನ್ನುವುದು.

"ಎಂತ ಅಜ್ಜ, ನಾನು ಕುಲೆಯ ಹಾಗೆ ಕಾಣ್ತೇನಾ? ನನಗೆ ಇನ್ನೂ ಎಷ್ಟು ಮನೆ ಉಂಟು!"

"ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದ್ರೆ ಯಾರಿಗೆ ಗೊತ್ತಾಗ್ತದೆ?" ಎಂದು ಇವರು ಒಳಗಿನಿಂದ.

ಆ ಸಂಜೆ ನಾನು ದೇವರ ದೀಪ ಹಚ್ಚುತ್ತಿದ್ದೆ. ಶಶಿಕಲಾ ಕರೆದಳು, ಒಂದೇ ಸಲ. ಕೂಡಲೇ ಕೋಣೆಯಿಂದ "ಉಲ್ಲೆ" ಎಂದು ಬಂತು. ಇವರದ್ದೇ ಸ್ವರ. ಕೆಮ್ಮಿಲ್ಲ, ಏದುಸಿರಿಲ್ಲ.

"ಅಬ್ಬ, ಇವತ್ತು ಅಜ್ಜನಿಗೆ ಬುದ್ಧಿ ಬಂತು!" ಎಂದು ಅವಳು ನಕ್ಕದ್ದು ಕೇಳಿಸಿತು.

ನನ್ನ ಕೈಯ ಬೆಂಕಿಕಡ್ಡಿ ಬೆರಳಿನವರೆಗೆ ಉರಿಯಿತು. ಇಷ್ಟು ವರ್ಷದ ಸಂಸಾರದಲ್ಲಿ ಆ ಹೊತ್ತಿಗೆ ಮೊದಲ ಕರೆಗೆ ಓಗೊಟ್ಟವರಲ್ಲ ಇವರು. ನಾನು ಕರೆದರೂ ಇಲ್ಲ. ಕಾನೂನು ಗೀನೂನು ನೋಡದೆ ಬಾಗಿಲು ದೂಡಿದೆ.

ಮಂಚದಿಂದ ಅರ್ಧ ಜಾರಿ ಬಿದ್ದಿದ್ದರು. ತುಟಿ ನೀಲಿ. ಮಧ್ಯಾಹ್ನ ಒಳಗೆ ತೆಗೆದುಕೊಂಡ ಗಂಜಿ ಹಾಗೆಯೇ ಕೆನೆಗಟ್ಟಿತ್ತು. ಅಲುಗಾಡಿಸಿದರೆ ಕೊರಡಿನ ಹಾಗೆ. ನಾನು ಬೊಬ್ಬೆ ಹೊಡೆದೆ. ಕೇಸು ಎಂದು ಹೆದರುತ್ತಿದ್ದ ಶಶಿಕಲಾಳೇ ಗೇಟು ದೂಡಿಕೊಂಡು ಓಡಿ ಬಂದಳು.

"ಈಗ ಮಾತಾಡಿದ್ರಲ್ಲ ಅಜ್ಜಿ! ಈಗ, ಈಗ!" ಎಂದು ಅದನ್ನೇ ಹೇಳುತ್ತ ಆಂಬುಲೆನ್ಸಿಗೆ ಫೋನು ಮಾಡಿದಳು.

ಪ್ರಜ್ಞೆ ತಪ್ಪಿ ಗಂಟೆಗಳೇ ಆಗಿರಬೇಕು, ಮಾತಾಡಿರಲು ಸಾಧ್ಯವೇ ಇಲ್ಲ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಇವರು ಬದುಕಿ ಬಂದರು, ಈಗಲೂ ಇದ್ದಾರೆ. ಕೇಳಿದರೆ ಏನೂ ನೆನಪಿಲ್ಲ.

ಆ ಸ್ವರ ನನ್ನನ್ನು ಎಚ್ಚರಿಸಿ ಇವರನ್ನು ಉಳಿಸಿತು ಎಂದು ಮಗಳು ಹೇಳುತ್ತಾಳೆ. ನನಗೆ ಹಾಗೆ ಕಾಣುವುದಿಲ್ಲ. ಉತ್ತರ ಬಾರದೇ ಇದ್ದಿದ್ದರೂ ಆಂಬುಲೆನ್ಸು ಬರುತ್ತಿತ್ತಲ್ಲ, ಕಾನೂನೇ ಹಾಗೆ. ಉತ್ತರ ಬಂದದ್ದರಿಂದ ಶಶಿಕಲಾ ಹೊರಟಿದ್ದಳು. ಅವಳು ಹೋಗುವುದು ಯಾರಿಗೆ ಬೇಕಿತ್ತು? ಇವತ್ತಿಗೂ ನನಗೆ ತಿಳಿದಿಲ್ಲ.

ಇವರನ್ನು ಆಸ್ಪತ್ರೆಗೆ ಒಯ್ದ ಮರುದಿನ ಬೆಳಗ್ಗೆ ಶಶಿಕಲಾ ಬಂದಾಗ ಮನೆಯಲ್ಲಿ ನಾನೊಬ್ಬಳೇ. ರೋಗಿಯ ಕೋಣೆಗೆ ಹೊಕ್ಕವಳೆಂದು ಈಗ ನನ್ನ ಹೆಸರು ಕರೆದಳು. ನಾನು ಬಾಯಿ ಬಿಡದೆ ಕಿಟಕಿಗೆ ಬಂದು ಮುಖ ತೋರಿಸಿದೆ. ಅವಳು ಅಭ್ಯಾಸದಲ್ಲಿ "ಸಂಜೀವ..." ಎಂದು ಶುರು ಮಾಡಿದಳು.

"ಕರೀಬೇಡ!" ಎಂದು ಕಿರುಚಿದೆ. ಓಡಿ ಹೋಗಿ ಆ ಖಾಲಿ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದೆ.