ತಾಂಬೂಲದ ತಟ್ಟೆಯಲ್ಲಿ ಬಂದ ಬಾಡಿಗೆ

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ, ಮುಗಿಸಿದರೂ ಆ ಓದಿನಿಂದ ಬಾಗಿಲಿಗೆ ಒಂದು ಹಳೇ ಸೈಕಲ್ ಕೂಡ ಬರುವುದಿಲ್ಲ ಎಂದು ಹೇಳಿದವರು ನನ್ನ ದೊಡ್ಡಪ್ಪ. ಬೈದು ಹೇಳಿದ್ದಲ್ಲ. ಇವತ್ತು ಮಳೆ ಬರುವುದಿಲ್ಲ ಎನ್ನುವ ಹಾಗೆ, ಜಗಲಿಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಾ, ಬೇಸರವಿಲ್ಲದೆ ಹೇಳಿದ್ದು.

ತಮಿಳುನಾಡಿನ ಅವಿನಾಶಿಯ ಹತ್ತಿರ ನಮ್ಮದು ಪವರ್‌ಲೂಮಿನ ಮನೆ. ಮುಂದೆ ಮಗ್ಗ, ಹಿಂದೆ ನಾವು. ಮನೆಯ ಮಗಳು ನಾನು, ಆ ಸದ್ದಿನಲ್ಲೇ ಓದಿದೆ. ಕರೆಂಟು ಹೋಗಿ ಮಗ್ಗ ನಿಂತರೆ ನಿಶ್ಶಬ್ದಕ್ಕೆ ಗಾಬರಿಯಾಗಿ ಓದಿದ್ದು ಮರೆತುಹೋಗುತ್ತಿತ್ತು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ಕಾಲೇಜು ಮುಗಿದ ಮೇಲೆ ನಾನಾಗಿ ಕಲಿತೆ. ಬಿ.ಕಾಂ. ಮುಗಿಯಿತು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಅಕೌಂಟ್ಸಿನಲ್ಲಿ ಕೆಲಸ ಸಿಕ್ಕಿತು. ಎಷ್ಟೋ ವರ್ಷ ಕಂಪನಿಯ ವ್ಯಾನಿನಲ್ಲಿ ನಿಂತುಕೊಂಡೇ ಹೋಗಿ ಬಂದ ಮೇಲೆ ಒಂದು ಸಂಜೆ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದೆ.

ದೊಡ್ಡಪ್ಪ ಕಾರನ್ನು ಎರಡು ಸುತ್ತು ಸುತ್ತಿ ಬಂದರು. ಬಾನೆಟ್ ತಟ್ಟಿದರು. ಆಮೇಲೆ ನನ್ನನ್ನು ತೋರಿಸಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ನಾನು ಅವತ್ತೇ ಯೋಳಿರ್ಲಿಲ್ವಾ, ನಮ್ಮ್ ಪಾಪ ಓದಿ ಕಾರ್ ತತ್ತದೆ ಅಂತ!"

ಅಮ್ಮ ಒಳಗಿನಿಂದಲೇ ಅಂದಳು, "ಯೋಳಿದ್ರಿ ಯೋಳಿದ್ರಿ. ನಂಗೂ ಕೇಳುಸ್ತು."

ಕಾರು ಬಂದದ್ದು ನನಗಾಗಿ, ಆದರೆ ಅದು ಸೇರಿದ್ದು ಅಪ್ಪನಿಗೆ. ಮಂಡಿನೋವಿನಿಂದ ಅಪ್ಪನಿಗೆ ಮಗ್ಗದ ಮುಂದೆ ನಿಲ್ಲಲಾಗದೆ, ಮಗ್ಗಗಳನ್ನು ಮಾರಿ, ಮುಂದಿನ ಕೋಣೆ ಖಾಲಿಯಾಗಿತ್ತು. ಆ ಖಾಲಿ ಕೋಣೆಯಲ್ಲಿ ಅಪ್ಪ ಸುಮ್ಮನೆ ಒಂದು ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಕಾರು ಬಂದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಮೊಮ್ಮಗನ ವಯಸ್ಸಿನ ಮಾಸ್ಟರಿಂದ ಬೈಸಿಕೊಂಡು ಕಲಿತರು, ಲೈಸೆನ್ಸ್ ತಂದರು. ಕೂತು ಮಾಡುವ ಕೆಲಸ, ಮಂಡಿಗೆ ಸುಖ. ಬೆಳಗಾದರೆ ಬನಿಯನ್ ವೇಸ್ಟ್ ಬಟ್ಟೆ ಹಿಡಿದು ಕಾರು ಒರೆಸುವುದು, ಚಕ್ರದ ಮಣ್ಣು ಕೆರೆಯುವುದು. ಮಗ್ಗದ ಸದ್ದಿನಲ್ಲಿ ಬದುಕಿದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಕಾರಿನಲ್ಲಿ ಅಪ್ಪ "ಸೌಕರ್ಯವಾಗಿ ಕೂತ್ಕೊಂಡ್ರಾ?" ಎಂದು ಕೇಳಿದರೆ ಹೊಸಬರು ಬೈಗುಳವೆಂದು ತಿಳಿದು ಬಾಗಿಲಿಗೆ ಒತ್ತಿಕೊಳ್ಳುತ್ತಿದ್ದರು. ಆದರೆ ಓಡಿಸುವುದು ಮಾತ್ರ ಹಾಲಿನ ಪಾತ್ರೆ ಹೊತ್ತವರ ಹಾಗೆ. ಎಲ್ಲರಿಗೂ ಇಷ್ಟವಾಯಿತು.

ಇಷ್ಟವಾದದ್ದೇ ಶುರು. ನಮ್ಮವರ ಮದುವೆಗಳಲ್ಲಿ ಹೆಣ್ಣನ್ನು ಮುಹೂರ್ತಕ್ಕೆ ಕರೆದೊಯ್ಯಲು ಬಾಡಿಗೆ ಟ್ಯಾಕ್ಸಿ ತಂದರೆ, "ಒಂದು ಕಾರ್ ಕೊಡೋ ಸೊಂದ ಇಲ್ವಾ ಇವ್ರಿಗೆ" ಎಂದು ಜನ ಆಡಿಕೊಳ್ಳುತ್ತಾರೆ. ಸೊಂದ ಎಂದರೆ ನೆಂಟರು. ಹಾಗೆಂದು ನೆಂಟರ ಕಾರನ್ನು ಸುಮ್ಮನೆ ತಂದರೂ ಮರ್ಯಾದೆ ಇಲ್ಲ, ಅದು ಹಂಗು. ಅದಕ್ಕೊಂದು ದಾರಿ ಇತ್ತು. ಕಾರು ಬೇಕಾದವರು ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ಎಲೆಯ ಕೆಳಗೆ ಹಣ ಇಟ್ಟು, ನಾಲ್ಕು ಜನರ ಮುಂದೆ ತಂದು ಕೊಡುತ್ತಿದ್ದರು. ಎಲೆಯ ಮೇಲಿಂದ ನೋಡಿದರೆ ತಾಂಬೂಲ. ತಟ್ಟೆ ತೆಗೆದುಕೊಳ್ಳುವ ಅಧಿಕಾರ ದೊಡ್ಡಪ್ಪನದು. ಕಾರು ಯಾರ ಹೆಸರಲ್ಲಿದ್ದರೇನು, ಹಿರಿಯರು ಅವರು.

ನಾನು ಮೊದಲ ಸಲವೇ ತಡೆದೆ. "ದೊಡ್ಡಪ್ಪ, ಇದು ಓನ್ ಬೋರ್ಡ್ ಕಾರು. ಬಿಳೀ ಬೋರ್ಡ್. ಬಾಡಿಗೆಗೆ ಓಡಿಸ್ಬೇಕಾದ್ರೆ ಹಳದಿ ಬೋರ್ಡ್ ಇರ್ಬೇಕು. ಏನಾರ ಆದ್ರೆ ಇನ್ಶೂರೆನ್ಸ್ ನಿಲ್ಲಲ್ಲ."

"ಬಾಡಿಗೆ ಯಾರ್ ಕೇಳಿದ್ರು ನನ್ ಕಣ್ಣೇ? ನಾನ್ ಕೇಳಿದ್ನಾ? ನಿಮ್ಮಪ್ಪ ಕೇಳಿದ್ನಾ? ಅವ್ರು ತಾಂಬೂಲ ಕೊಟ್ರು, ನಾವು ತಕ್ಕೊಂಡ್ವಿ. ಬೇಡ ಅಂತ ತಳ್ಳಕ್ಕಾಯ್ತದಾ?"

"ಎಲೆ ಕೆಳಗಿರೋದು?"

"ಅದು ಪೆಟ್ರೋಲ್. ನೀರಲ್ಲಿ ಓಡ್ತದಾ ನಿನ್ನ ಕಾರು?"

ಅಪ್ಪ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆ ಮನುಷ್ಯ ಮತ್ತೆ ಸ್ಟೂಲಿನ ಮೇಲೆ ಹೋಗಿ ಕೂರುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ನೆಂಟರಿಗೆ ಮಾತ್ರ ಎಂದು ಷರತ್ತು ಹಾಕಿದೆ. ಆಮೇಲೆ ಗೊತ್ತಾಯಿತು, ದೊಡ್ಡಪ್ಪನ ಲೆಕ್ಕದಲ್ಲಿ ಅವಿನಾಶಿಯಿಂದ ಪೋತ್ತನೂರಿನವರೆಗೆ ಕನ್ನಡ ಆಡುವವರೆಲ್ಲ ನೆಂಟರೇ.

ಹೀಗಿರುವಾಗ ಒಂದು ಮದುವೆ ಬಂತು, ಕಾರಮಡೈಯಲ್ಲಿ. ಹೆಣ್ಣಿನ ಕಡೆಯವರು ನಮ್ಮ ಪಕ್ಕದ ಬೀದಿಯವರು. ತಟ್ಟೆ ತಂದು ಕೊಟ್ಟವರು ಹುಡುಗಿಯ ಸೋದರಮಾವ. ಇಸ್ತ್ರಿ ಮಡಿಕೆ ಕೆಡದ ವೇಷ್ಟಿ, ಹೆಗಲ ಮೇಲೆ ಶಲ್ಯ, ಯಾರಿಗೂ ತಲೆ ಬಾಗಿಸದ ಕುತ್ತಿಗೆ. ಬೆಳಗ್ಗೆ ಹೂವು ಕಟ್ಟಿದ ಕಾರಿನಲ್ಲಿ ಅಪ್ಪನ ಪಕ್ಕ ಅವರು, ಹಿಂದೆ ಹುಡುಗಿ, ಅವಳ ತಾಯಿ, ಒಬ್ಬ ಗೆಳತಿ. ಕಾರಿನ ಹಿಂದೆ ಒಂದು ವ್ಯಾನು. ಅದರಲ್ಲಿ ಬೀದಿಯ ಹೆಂಗಸರ ಜೊತೆ ನಾನು, ಅಮ್ಮ, ದೊಡ್ಡಪ್ಪ.

ಅನ್ನೂರು ದಾಟಿದ ಮೇಲೆ ಆರ್.ಟಿ.ಓ. ಆಫೀಸಿನ ಬ್ರೇಕ್ ಇನ್‌ಸ್ಪೆಕ್ಟರ್ ಜೀಪು ನಿಂತಿತ್ತು. ಕಾರಿಗೆ ಕೈ ತೋರಿಸಿದರು. ವ್ಯಾನೂ ನಿಂತಿತು. ನಾನು ಇಳಿದು ಓಡಿದೆ.

ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯನೇ. ಹೂವು ನೋಡಿದರು, ಬಿಳಿ ಬೋರ್ಡ್ ನೋಡಿದರು, ಅಪ್ಪನನ್ನು ಹಿರಿಯರೆಂದು ಕರೆದು ನಗುತ್ತಲೇ ತಮಿಳಿನಲ್ಲಿ ಕೇಳಿದರು, "ಕಾರು ಯಾರದು ಪೆರಿಯವರೇ?"

"ಮಗಳದು," ಎಂದರು ಅಪ್ಪ. ಅವರ ಗಂಟಲಿಗೆ ಅರ್ಧ ರಸ್ತೆ ತಿರುಗಿ ನೋಡಿತು.

"ಇವರೆಲ್ಲ?"

"ಸೊಂದ."

ಇನ್‌ಸ್ಪೆಕ್ಟರ್ ಸೋದರಮಾವನ ಕಡೆ ಬಾಗಿದರು. "ಹೌದಾ? ಹಾಗಾದರೆ ಮದುವೆಗೆ ಕಾರು ಓಸಿ ಅನ್ನಿ."

ಹೌದು ಎಂದು ಒಂದು ಸಲ ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಓಸಿ ಎಂದರೆ ಪುಕ್ಕಟೆ, ಇನ್ನೊಬ್ಬರ ಹಂಗು. ಸೋದರಮಾವ ಬಾಗಿಲು ತೆಗೆದು ಕೆಳಗಿಳಿದು ಶಲ್ಯ ಸರಿಮಾಡಿಕೊಂಡರು.

"ಓಸಿಯಾ? ನಾವಾ? ಮಗ್ಗದ ಜನ ಸಾರ್ ನಾವು. ಇನ್ನೊಬ್ಬರ ಮನೆ ಕಾಫಿಯನ್ನೂ ಓಸಿಯಲ್ಲಿ ಕುಡಿದವರಲ್ಲ. ತಟ್ಟೆಯಲ್ಲಿಟ್ಟು, ಬೀದಿಯೆಲ್ಲ ನೋಡುವ ಹಾಗೆ ಕೊಟ್ಟಿದ್ದೇನೆ. ಟ್ಯಾಕ್ಸಿಯವನು ಕೇಳುವುದಕ್ಕಿಂತ ಒಂದು ಕೈ ಮೇಲೆಯೇ ಕೊಟ್ಟಿದ್ದೇನೆ. ಬೇಕಾದರೆ ಆ ವ್ಯಾನಿನಲ್ಲಿರುವವರನ್ನು ಕೇಳಿ!"

ಇನ್‌ಸ್ಪೆಕ್ಟರ್ ಕೇಳಲೇ ಇಲ್ಲ. ಆದರೂ ವ್ಯಾನಿನ ಕಿಟಕಿಗಳಿಂದ ತಲೆಗಳು ಹೊರಬಂದವು. "ಹೌದುಂಗ, ಕೊಟ್ಟರು, ನಾವೂ ನೋಡಿದೆವು!" ಹುಡುಗಿಯ ಸೋದರತ್ತೆ ತಟ್ಟೆಯಲ್ಲಿ ಎಷ್ಟು ಬಾಳೆಹಣ್ಣಿತ್ತು ಎಂಬುದನ್ನೂ ಸೇರಿಸಿದಳು. ದೊಡ್ಡಪ್ಪ ಮಾತ್ರ ವ್ಯಾನಿನಿಂದ ಇಳಿಯದೆ, ಶಲ್ಯದಿಂದ ಮುಖ ಒರೆಸಿಕೊಳ್ಳುತ್ತಾ ಒರೆಸಿಕೊಳ್ಳುತ್ತಾ ಮುಚ್ಚಿಕೊಂಡೇಬಿಟ್ಟರು. ಬಾಡಿಗೆಯಲ್ಲ ಎಂದು ಇಷ್ಟು ದಿನ ನಾವು ನಂಬಿದ್ದ ಆ ತಟ್ಟೆಗೆ ಒಂದು ವ್ಯಾನು ತುಂಬ ಸಾಕ್ಷಿಗಳಿದ್ದರು.

ಹುಡುಗಿಯನ್ನು ವ್ಯಾನಿಗೆ ಹತ್ತಿಸಿದೆವು. ರೇಷ್ಮೆ ಸೀರೆ ಎತ್ತಿಕೊಂಡು, ನಗು ತಡೆಯಲಾಗದೆ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಳು. ಮುಹೂರ್ತ ತಪ್ಪಲಿಲ್ಲ. ಕಾರನ್ನು ಆರ್.ಟಿ.ಓ. ಆಫೀಸಿನ ಅಂಗಳಕ್ಕೆ ಒಯ್ಯಬೇಕು ಎಂದರು. ನಾನು ಅಪ್ಪನ ಜೊತೆ ಉಳಿದೆ.

ಹೊರಡುವ ಮೊದಲು ಇನ್‌ಸ್ಪೆಕ್ಟರ್ ಅಪ್ಪನ ಪಕ್ಕ ಬಂದು ನಿಂತರು. ಈ ಸಲ ನಗಲಿಲ್ಲ. "ಪೆರಿಯವರೇ, ಫೈನು ಕಟ್ಟಿದರೆ ಕಾರು ಬರುತ್ತದೆ. ಅದು ದೊಡ್ಡದಲ್ಲ. ಇದೇ ಕಾರು ಒಂದು ಲಾರಿಗೆ ತಾಗಿ ಆ ಹೆಣ್ಣಿಗೆ ಏನಾದರೂ ಆಗಿದ್ದರೆ? ಸ್ವಂತಕ್ಕೆಂದು ಇನ್ಶೂರೆನ್ಸ್ ಮಾಡಿ ಬಾಡಿಗೆಗೆ ಓಡಿಸಿದ್ದೀರಿ ಎಂದು ಕಂಪನಿಯವರು ಕೈ ಎತ್ತುತ್ತಾರೆ. ಆಮೇಲೆ ಕೋರ್ಟಿಗೆ ಅಲೆಯುವವರು ಯಾರು? ಆರ್.ಸಿ.ಯಲ್ಲಿ ಹೆಸರಿರುವ ನಿಮ್ಮ ಮಗಳು."

ನಾನು ಇದನ್ನೇ ಹೇಳಿದ್ದೆ. ಆದರೆ ಮಗಳ ಬಾಯಲ್ಲಿ ಕೇಳಿದ್ದು ಬೇರೆ, ಖಾಕಿಯ ಬಾಯಲ್ಲಿ ಕೇಳಿದ್ದು ಬೇರೆ. ಅಪ್ಪ ದೂರ ಹೋಗುತ್ತಿದ್ದ ವ್ಯಾನನ್ನೇ ನೋಡುತ್ತಿದ್ದರು.

ದಂಡ ಕಟ್ಟಿ ಕಾರು ಬಿಡಿಸಿಕೊಂಡು ಬಂದದ್ದು ನಾನು. ಓಡಿಸಿದ್ದೂ ನಾನೇ. ಅಪ್ಪ ಕೀಲಿ ಮುಟ್ಟಲಿಲ್ಲ. "ಬೇಡ ಪಾಪ. ನನ್ನಿಂದ ನೀನು ಕೋರ್ಟ್ ಮೆಟ್ಲು ಅತ್ತೋದು ಬೇಡ," ಎಂದರು, ಅದೂ ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ. ಬೆಳಗ್ಗೆ ಕಾರು ಒರೆಸುವುದು ನಿಂತಿತು. ಖಾಲಿ ಕೋಣೆಯಲ್ಲಿ ಮತ್ತೆ ಸ್ಟೂಲ್ ಬಂತು.

ಸೋದರಮಾವ ಹಣ್ಣು ತೆಗೆದುಕೊಂಡು ಕ್ಷಮೆ ಕೇಳಲು ಬಂದರು. "ನಾನು ಅಂಗ್ ಯೋಳ್ಬಾರ್ದಿತ್ತು ಮಾಮ," ಎಂದರು ಅಪ್ಪನಿಗೆ. ಶಲ್ಯ ಸರಿಮಾಡಿಕೊಂಡು, "ಆದ್ರೂ ಅವ್ನು ಓಸಿ ಅನ್ಬಾರ್ದಿತ್ತು," ಎಂದರು. ಅಪ್ಪ ನಕ್ಕರು. ಆ ವಾರದಲ್ಲಿ ಅಪ್ಪ ನಕ್ಕದ್ದು ಅದೊಂದೇ ಸಲ.

ದಾರಿ ನನಗೆ ಗೊತ್ತಿತ್ತು. ಕಾರನ್ನು ಟಿ ಬೋರ್ಡ್‌ಗೆ, ಅಂದರೆ ಟ್ಯಾಕ್ಸಿಗೆ, ಬದಲಾಯಿಸುವುದು: ಪರ್ಮಿಟ್, ಬೇರೆ ಇನ್ಶೂರೆನ್ಸ್, ಎಫ್‌ಸಿ, ಹಳದಿ ಬೋರ್ಡ್. ಆಗ ಅಪ್ಪ ತಲೆ ಎತ್ತಿ ಬಾಡಿಗೆಗೆ ಓಡಿಸಬಹುದು. ಗೊತ್ತಿದ್ದರೂ ಆ ದಾರಿ ಹಿಡಿಯಲು ಮನಸ್ಸು ಬರಲಿಲ್ಲ. ಆ ಬಿಳಿ ಬೋರ್ಡ್ ನನ್ನದು. ನಮ್ಮ ವಂಶದಲ್ಲಿ ಮೊದಲು ಓದಿದವಳ ಸ್ವಂತ ಕಾರು ಅದು. ವಾರಕ್ಕೊಮ್ಮೆ ನಾನು ಓಡಿಸಿಕೊಂಡು ಹೋಗುವ ಕಂಪನಿಯ ಗೇಟಿನಲ್ಲಿ ಅದು ಟ್ಯಾಕ್ಸಿಯಾಗಿ ನಿಂತರೆ ವಾಚ್‌ಮನ್ ಯಾರನ್ನು ಬಿಡಲು ಬಂದಿರಿ ಎಂದು ಕೇಳುತ್ತಾನೆ. ಇಂಥ ಸಣ್ಣ ಯೋಚನೆಗಳು ದೊಡ್ಡ ಯೋಚನೆಗಳಿಗಿಂತ ಜೋರಾಗಿ ಕಚ್ಚುತ್ತವೆ.

ಅಮ್ಮನಿಗೆ ಹೇಳಿದೆ. ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನೀನು ವಾರಕ್ಕೊಂದಿನ ಕಾರ್ ಅತ್ತೀಯೆ. ಅವ್ರು ದಿನಾ ತೊಳೀತಿದ್ರು. ಈಗ ನೀನೇ ಯೋಳು, ಯಾರ್ದು ಕಾರು ಅದು?"

ನಾನು ಅರ್ಜಿ ಹಾಕಿದೆ.

ಅಪ್ಪನನ್ನು ಒಪ್ಪಿಸುವುದು ಅರ್ಜಿಗಿಂತ ಕಷ್ಟವಾಯಿತು. "ನಿನ್ನ ಕಾರ್‌ನ ಯಾಕ್ ಕೆಡಿಸ್ತೀಯೆ" ಎಂದರು. ಕೆಡುವುದಿಲ್ಲ, ಬಣ್ಣ ಬದಲಾಗುತ್ತದೆ ಅಷ್ಟೇ ಎಂದೆ. ಎಫ್‌ಸಿ ಎಂದರೆ ಗಾಡಿ ಬಾಡಿಗೆಗೆ ಓಡಲು ಯೋಗ್ಯವಾಗಿದೆ ಎಂದು ಸರ್ಕಾರ ಕೊಡುವ ಸರ್ಟಿಫಿಕೇಟು ಎಂದು ವಿವರಿಸಿದೆ. "ಸರ್ಕಾರದ ಮುಂದೆ ಕಾರು ಓಡಿಸಿ ತೋರಿಸ್ಬೇಕು. ನಂಗೆ ಭಯ. ನೀವ್ ಬನ್ನಿ," ಎಂದೆ. ಭಯವೇನೂ ಇರಲಿಲ್ಲ. ಮಾರನೇ ದಿನ ಬೆಳಗ್ಗೆ ಕಾರಿನ ಕಡೆಯಿಂದ ಬಕೆಟ್ಟಿನ ಸದ್ದು ಕೇಳಿಸಿತು.

ಆರ್.ಟಿ.ಓ. ಅಂಗಳಕ್ಕೆ ನಾವು ನಾಲ್ವರೂ ಹೋದೆವು. ದೊಡ್ಡಪ್ಪ ಕರೆಯದೆಯೇ ಮುಂದಿನ ಸೀಟಿನಲ್ಲಿ ಕೂತಿದ್ದರು. ಅಪ್ಪ ಅಂಗಳದಲ್ಲಿ ಕಾರು ಓಡಿಸಿದರು. ಬ್ರೇಕ್ ಹಾಕಿ ಎಂದ ಕಡೆ ಹಾಕಿದರು, ರಿವರ್ಸ್ ಎಂದರೆ ರಿವರ್ಸ್. ಲೈಟು, ವೈಪರ್, ಹಾರನ್. ನೋಡುತ್ತಿದ್ದ ಯುವ ಅಧಿಕಾರಿ ಹಾರನ್ ಸಾಕು ಎಂದು ಕೈ ಮಾಡಿದರೂ ಅಪ್ಪ ಇನ್ನೊಂದು ಸಲ ಹೊಡೆದು ತೋರಿಸಿದರು. ಹಳದಿ ಬೋರ್ಡ್ ನೋಡಿ ಅಮ್ಮ, "ಅರಿಸಿಣ ಅಚ್ಚಿದಂಗೈತೆ. ಈಗ್ಲೇ ಲಕ್ಷಣ," ಎಂದಳು.

ಕೌಂಟರಿನಲ್ಲಿ ನನ್ನ ಹೆಸರು ಕೂಗಿ ಸರ್ಟಿಫಿಕೇಟು ಕೊಟ್ಟರು. ನಾನು ಅದನ್ನು ತಿರುಗಿ ಅಪ್ಪನ ಕೈಯಲ್ಲಿಟ್ಟೆ. ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಆದರೂ ಮೇಲಿನಿಂದ ಕೆಳಗಿನವರೆಗೆ ನೋಡಿದರು, ಹಿಂದುಗಡೆಯೂ ತಿರುಗಿಸಿ ನೋಡಿದರು, ಮಡಚದೆ ಎದೆಗೆ ಹಿಡಿದುಕೊಂಡು ಅಂಗಳಕ್ಕೆ ನಡೆದರು. "ಎಲ್ಲಾ ಕಾರ್ ಅತ್ಕೊಳ್ಳಿ!" ಎಂದು ಕೂಗಿದ ಆ ಹಳೆಯ ಗಂಟಲಿಗೆ ಸರದಿಯಲ್ಲಿದ್ದ ಲಾರಿ ಡ್ರೈವರೊಬ್ಬ ಬೆಚ್ಚಿ ತಿರುಗಿದ.

ದೊಡ್ಡಪ್ಪ ಕಾರಿನ ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು. ಏನೋ ಯೋಚನೆ.

"ತಮ್ಮಾ," ಎಂದರು, "ಬಾಯ್ಬುಟ್ಟು ಬಾಡಿಗೆ ಇಷ್ಟು ಅಂತ ಕೇಳಕ್ಕೆ ನಂಗೆ ನಾಚ್ಕೆ ಆಯ್ತದೆ. ಅದುನ್ನ ನಿನ್ನ ಮಗ್ಳು ಕೇಳ್ಲಿ, ಓದಿದವ್ಳು. ಬಂದವ್ರನ್ನ ಕೂರ್ಸಿ ಕಾಫಿ ಕೊಡೋದು ನಾನ್ ನೋಡ್ಕೊತೀನಿ."