ಹಸಿರು ಬಳೆಯ ಒಂದು ಚೂರು

ಬೀದರಿಗೆ ಇನ್ನೂ ರೈಲು ಬಂದಿರದ ಕಾಲದ ಮಾತಿದು. ನಾನು ಮದುವೆಯಾಗಿ ಔರಾದದಿಂದ ಬೀದರಿಗೆ ಬಂದ ಮೊದಲ ವರ್ಷ. ತವರಿನಲ್ಲಿ ನಾವು ಜೋಳ, ತೊಗರಿ ಬೆಳೆಯುವ ಜನ. ಕೊಟ್ಟ ಮನೆಯಲ್ಲಿ ಮದುವೆ, ಮೆರವಣಿಗೆಗಳಿಗೆ ಬಾಣ, ಹೂಕುಂಡ, ಚಕ್ರದಂಥ ಪಟಾಕಿ ಮಾಡುತ್ತಿದ್ದರು. ಊರವರು ಅದನ್ನು ಮದ್ದಿನ ಮನೆ ಎಂದೇ ಕರೆಯುತ್ತಿದ್ದರು. ನನ್ನನ್ನು ಕಳಿಸುವಾಗ ನನ್ನವ್ವ ಅತ್ತದ್ದು ಮಗಳು ದೂರ ಹೋಗುತ್ತಾಳೆಂದಲ್ಲ, ಆ ಹೆಸರು ಕೇಳಿ.

ಬಂದು ನೋಡಿದರೆ ಹೆದರುವಂಥದ್ದೇನೂ ಕಾಣಲಿಲ್ಲ. ನಮ್ಮ ಮಾವ ಮಾತು ಕಡಿಮೆಯ ಮನುಷ್ಯ. ಉಳಿದವರು ಬಾಣ ಹಾರುವುದನ್ನು ನೋಡಿ ಖುಷಿಪಟ್ಟರೆ ಇವರಿಗೆ ಅದು ಹಾರುವ ಮೊದಲೇ ಅದರ ಗುಣ ತಿಳಿಯಬೇಕು. ಊರ ಗೋಡೆಯ ಹೊರಗೆ ನಮ್ಮದೊಂದು ಬಯಲು, ಅದರ ಮೂಲೆಯಲ್ಲಿ ಮದ್ದು ಕಲಸುವ ಒಂದು ಕೋಣೆ. ಆ ಬಯಲಲ್ಲಿ ತೊಗರಿ ಕಟ್ಟಿಗೆಯ ಇದ್ದಿಲು, ಎಕ್ಕೆಯ ಇದ್ದಿಲು, ಹತ್ತಿಕಟ್ಟಿಗೆಯ ಇದ್ದಿಲು ಎಂದು ಬೇರೆ ಬೇರೆ ಹಾಕಿ ಮದ್ದು ಮಾಡಿ, ರಂಗೋಲಿ ಎಳೆಯಂತೆ ನೆಲಕ್ಕೆ ಸುರಿದು ಬೆಂಕಿ ತಾಗಿಸುವರು. ಯಾವುದು ಬೇಗ ಓಡಿತು, ಯಾವುದು ಬರೀ ಹೊಗೆ ಬಿಟ್ಟಿತು, ಯಾವುದು ನಡುವೆಯೇ ಆರಿತು ಎಂದು ಕುಕ್ಕರುಗಾಲಲ್ಲಿ ಕೂತು ನೋಡುವರು. ತೊಗರಿ ಕಟ್ಟಿಗೆ ಗೆದ್ದ ದಿನ ನನ್ನ ಕಡೆ ತಿರುಗಿ, “ನಿಮ್ಮ ಔರಾದದ ಕಟ್ಟಿಗಿನೇ ಛಲೋ ಅದ ನೋಡವ್ವ” ಎಂದಿದ್ದರು. ಅದನ್ನು ನಾನೇ ಬೆಳೆದು ತಂದವಳಂತೆ ಉಬ್ಬಿಹೋಗಿದ್ದೆ.

ಆ ವರ್ಷ ಭಾಲ್ಕಿಯ ಒಂದು ಸಿರಿವಂತರ ಮನೆಯಿಂದ, ಮದುವೆಗೆ ಹಸಿರು ಬೆಳಕಿನ ಬಾಣ ಬೇಕೆಂದು ಹೇಳಿಕಳಿಸಿದರು. ಹೈದರಾಬಾದಿನಲ್ಲಿ ಅವರು ನೋಡಿ ಬಂದಿದ್ದರಂತೆ. ನಮ್ಮ ಮನೆಯವರಿಗೆ, ಎಂದರೆ ನನ್ನ ಗಂಡನಿಗೆ, ಹುರುಪೋ ಹುರುಪು. ಅಲ್ಲಿಗೇ ಹೋಗಿ ಹೊಸದೊಂದು ಬಿಳಿ ಪುಡಿ ತಂದರು. ಮಾವ ತಮ್ಮ ಪದ್ಧತಿ ಬಿಡಲಿಲ್ಲ. ಚಿಟಿಕೆಯಷ್ಟು ಕಲಸಿ ಬಿಸಿಲಿಗಿಟ್ಟರು, ತೇವದಲ್ಲಿಟ್ಟರು, ಕಲ್ಲಿನ ಮೇಲಿಟ್ಟು ಉದ್ದ ಹಿಡಿಯ ಮರದ ಕೊಡತಿಯಿಂದ ಮೆಲ್ಲಗೆ ಬಡಿದರು. ಏನೂ ಆಗಲಿಲ್ಲ. ಬೆಂಕಿ ತಾಗಿಸಿದಾಗ ಮಾತ್ರ ಎಳೆ ಜೋಳದ ಗರಿಯ ಹಸಿರು ಎದ್ದಿತು. ನಮ್ಮತ್ತೆ ಕೂಡ ಬಾಯಿ ತೆರೆದು ನೋಡಿದರು.

ತಕರಾರು ಎದ್ದದ್ದು ಆಮೇಲೆ. ಪುಡಿ ಜರಡಿ ಹಿಡಿಯುವುದು, ಕೈಯಿಂದ ಕಲಸುವುದು, ಕೊನೆಗೆ ಮರದ ಒರಳಿನಲ್ಲಿ ಅರೆಯುವುದು ಮನೆಯ ಹೆಂಗಸರ ಕೆಲಸ. ಈ ಹೊಸ ಮದ್ದಿನ ಮುಂದೆ ಕೂರುವಾಗ ಬಳೆ ತೆಗೆದಿಡಿ, ಒಡೆದು ಗಾಜು ಬಿದ್ದೀತು ಎಂದು ಮಾವ ಹೇಳಿದರು. ಅತ್ತೆಯ ಮುಖ ಕೆಂಪಾಯಿತು.

“ನಮ್ಮತ್ತಿ ಬಳಿ ಹಾಕ್ಕೊಂಡೇ ಕಲಸ್ಯಾರ, ನಾನೂ ಕಲಸೀನಿ. ಗಂಡ ಕಣ್ಣ ಮುಂದಿದ್ದಾಗ ಕೈ ಬರಿದು ಮಾಡ್ಕೊಂಡು ಕೂಡ್ಲಾ? ಬಳಿಯಿಂದ ಏನರ ಆಗಿದ್ದು ನೋಡೀರೇನು?”

“ನೋಡಿಲ್ಲ” ಎಂದರು ಮಾವ.

ನೋಡಿದ್ದೇನೆ ಎಂದು ಒಂದು ಸುಳ್ಳು ಹೇಳಿದ್ದರೆ ಅತ್ತೆ ಎದುರಾಡುತ್ತಿರಲಿಲ್ಲ. ಆದರೆ ಆ ಮನುಷ್ಯನಿಗೆ ಕಾಣದ್ದನ್ನು ಕಂಡೆ ಎನ್ನಲು ಬರುತ್ತಿರಲಿಲ್ಲ. ಬಳೆಗಳು ಕೈಯಲ್ಲೇ ಉಳಿದವು. ನನಗೂ ಒಳಗೊಳಗೆ ಸಮಾಧಾನವಾಯಿತು. ಹೊಸ ಮದುಮಗಳು, ಮೊಣಕೈವರೆಗೆ ಹಸಿರು ಬಳೆ. ತೆಗೆಯಲು ಮನಸ್ಸೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನೂ ಅತ್ತೆಯೂ ಅಗಲ ತಟ್ಟೆಯಂಥ ಕಟ್ಟಿಗೆಯ ಪರಾತದಲ್ಲಿ ಮದ್ದು ಕಲಸಿದೆವು. ಕೈ ಎತ್ತುವಾಗ ಪರಾತದ ಅಂಚಿಗೆ ತಗುಲಿ ನನ್ನದೊಂದು ಬಳೆ ಒಡೆಯಿತು. ಅತ್ತೆ ಲೊಚಗುಟ್ಟಿ, ಚೂರು ಆರಿಸಿಕೊಂಡು ಹೊರಗೆ ಹಾಕಿ ಬಾ ಎಂದರು. ಆರಿಸಿ ಸೆರಗಿನಲ್ಲಿ ಹಿಡಿದು ಹೊರಬಂದೆ. ಬಯಲಲ್ಲಿ ಮಾವ ಕಲ್ಲಿನ ಮುಂದೆ ಕೂತಿದ್ದರು. ಅತ್ತೆಯ ಮಾತೇ ಖರೆ ಎಂದು ತೋರಿದರೆ ಮನೆಯಲ್ಲಿನ ಬಿಗುವು ಮುಗಿಯುತ್ತದೆ ಎನಿಸಿ, ಇದನ್ನೂ ಇಟ್ಟು ನೋಡ್ರಿ ಮಾವ ಎಂದೆ.

ಒಂದು ಚೂರನ್ನು ಅವರು ಕಲ್ಲಿನಿಂದ ಪುಡಿ ಮಾಡಿದರು. ಮೊದಲು ಹಳೆಯ ಮದ್ದಿನ ಚಿಟಿಕೆಗೆ ಸೇರಿಸಿ ಬಡಿದರು. ಏನೂ ಇಲ್ಲ. ನಾನು ನಕ್ಕೆ. ಆಮೇಲೆ ಹೊಸ ಮದ್ದಿಗೆ ಸೇರಿಸಿ ಅಷ್ಟೇ ಮೆಲ್ಲಗೆ ಬಡಿದರು. ಅದು ಸಿಡಿದು ಕಿವಿ ಗುಯ್ಯೆಂದಿತು. ಕೊಡತಿ ಅವರ ಕೈಬಿಟ್ಟು ದೂರ ಬಿದ್ದಿತ್ತು. ಬಯಲಲ್ಲಿ ಆಗಾಗ ಸಿಡಿಯುವುದು ರೂಢಿಯಾದ್ದರಿಂದ ಅತ್ತೆ ಒಳಗಿಂದ ಏನೆಂದು ಕೇಳಲೂ ಇಲ್ಲ.

ಮಾವ ನನ್ನ ಸೆರಗು ನೋಡಿದರು. ಉಳಿದ ಚೂರೆಲ್ಲ ಇಲ್ಲಿಡು ಎಂದರು. ಒಂದಕ್ಕೊಂದು ಜೋಡಿಸುತ್ತ ನೆಲದ ಮೇಲೆ ಬಳೆ ಮಾಡಿದರು. ಪುಡಿ ಮಾಡಿದ ಚೂರಿನ ಜಾಗವನ್ನು ಬಿಟ್ಟೇ ಜೋಡಿಸಿದರು. ಆದರೂ ಇನ್ನೊಂದು ಕಡೆ, ತೊಗರಿ ಬೇಳೆಯಷ್ಟು ಜಾಗ ಖಾಲಿ ಉಳಿಯಿತು.

ಒಳಗಿನಿಂದ ಮದ್ದನ್ನು ಒರಳಿಗೆ ಸುರಿಯುವ ಸದ್ದು ಕೇಳಿಸಿತು.

ನಾನು ಕೂಗಲು ಬಾಯಿ ತೆರೆದೆ. ಮಾವ ಕೈ ಅಡ್ಡ ಹಿಡಿದರು. ಬೆಚ್ಚಿದರೆ ಅತ್ತೆಯ ಕೈ ಒರಳಿನೊಳಗೆ ಜೋರಾಗಿ ಇಳಿದೀತು ಎಂದು ನನಗೆ ಆಮೇಲೆ ಹೊಳೆಯಿತು. ಅವರು ಬಾಗಿಲವರೆಗೆ ನಡೆದು, ಊಟಕ್ಕೆ ಕರೆಯುವವರಂತೆ ಹೇಳಿದರು: “ಕೇಳ್ತೀಯೇನು? ಕೈಯಾಗಿಂದು ಬಾಜೂಕ ಇಟ್ಟು ಮೆಲ್ಲಗ ಎದ್ದು ಬಾ. ಯಾಕಂತ ಆಮ್ಯಾಲ ಕೇಳು.”

ಅತ್ತೆ ಗೊಣಗುತ್ತಲೇ ಹೊರಬಂದರು. ಅವರು ಹೊಸ್ತಿಲು ದಾಟಿದ ಮೇಲೆ ಮಾವ ಗೋಡೆ ಹಿಡಿದು ನಿಂತರು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಅವರೊಬ್ಬರೇ ಒಳಗೆ ಹೋಗಿ, ಒರಳಿನ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ನೀರು ಬಿಟ್ಟು ಎಲ್ಲ ನೆನೆಸಿದರು. ನಮ್ಮ ಮನೆಯವರು ಬಂದವರೇ, ಮದುವೆಯ ಮದ್ದೆಲ್ಲ ಹಾಳಾಯಿತೆಂದು ತಲೆ ಮೇಲೆ ಕೈ ಹೊತ್ತು ಕೂತರು. ಮಾವ ಆ ನೀರನ್ನು ಬಟ್ಟೆಯಲ್ಲಿ ಸೋಸಿದರು. ಕೆಸರಿನಂಥದ್ದರ ನಡುವೆ ಹಸಿರು ಚೂರು ಸಿಕ್ಕಿತು. ತೊಳೆದು ತಂದು ನೆಲದ ಮೇಲಿನ ಬಳೆಯ ಆ ಖಾಲಿ ಜಾಗಕ್ಕೆ ಇಟ್ಟರು. ಸರಿಯಾಗಿ ಕೂತಿತು.

ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲೇ ಕೂತು ಒಂದೊಂದಾಗಿ ತಮ್ಮ ಬಳೆ ಕಳಚಿದರು. ಅರಿಷಿಣದ ನೀರಲ್ಲಿ ದಾರ ಅದ್ದಿ ಮೊದಲು ನನ್ನ ಮಣಿಕಟ್ಟಿಗೆ ಕಟ್ಟಿ, ತಮ್ಮ ಕೈ ಮುಂದೆ ಚಾಚಿದರು. “ಕಟ್ಟವ್ವ. ಇದೂ ಮುತ್ತೈದಿ ಕೈನೇ” ಎಂದರು. ಅಂದಿನಿಂದ ನಮ್ಮ ಮನೆಯ ಹೆಂಗಸರು ಮದ್ದಿಗೆ ಕೂರುವ ಮೊದಲು ಬಳೆ ಗೂಡಿನಲ್ಲಿಟ್ಟು ದಾರ ಕಟ್ಟಿಕೊಳ್ಳುತ್ತಿದ್ದರು.

ಭಾಲ್ಕಿಯ ಮದುವೆಗೆ ಹೋದದ್ದು ನಮ್ಮ ಹಳೆಯ ಮದ್ದಿನ ಬಾಣಗಳೇ. ಹಸಿರು ಎಲ್ಲಿ ಎಂದು ಬೀಗರು ಮುಖ ಸಿಂಡರಿಸಿದರಂತೆ. ನಾನು ಇಲ್ಲಿ ಅತ್ತೆಯ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದೆ. ಅವರ ಕೈಯ ಸದ್ದು ಕೇಳಿದಷ್ಟೂ ಸಾಲದೆನಿಸುತ್ತಿತ್ತು.

ಮಾವ ಹೋದರು, ಅತ್ತೆಯೂ ಹೋದರು. ಮದ್ದಿನ ಕಸುಬೂ ನಿಂತುಹೋಯಿತು. ಮಾವನ “ನೋಡಿಲ್ಲ” ಎಂಬ ಮಾತು ಮಾತ್ರ ನನ್ನಲ್ಲಿ ಉಳಿದಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದಕ್ಕೇ ಅವರು ಆ ಚೂರನ್ನು ಕಲ್ಲಿನ ಮೇಲಿಟ್ಟು ನೋಡಿದರು. ಈಗಲೂ ಸೊಸೆಯರ ಬಳೆ ಒಡೆದರೆ ನಾನು ಕಸಬರಿಗೆ ಹಿಡಿಯಲು ಬಿಡುವುದಿಲ್ಲ. ಚೂರುಗಳನ್ನು ನೆಲದ ಮೇಲೆ ಜೋಡಿಸುತ್ತೇನೆ. ಮುದುಕಿಗೆ ಅರಳುಮರಳು ಎಂದು ಅವರು ನಗುತ್ತಾರೆ, ನಗಲಿ. ಸುತ್ತು ಪೂರ್ತಿಯಾದ ಮೇಲೇ ನಾನು ಏಳುವುದು.